ಹ್ಯಾಂಡ್‌ಬ್ರೇಕಿನ ಕಾರ್ಯಕಾರಣ

ಸಾಮಾನ್ಯ ಕಾರುಗಳ ಹ್ಯಾಂಡ್‌ಬ್ರೇಕು ಹಿಂದಿನ ಎರಡು ಗಾಲಿಗಳನ್ನು ಹಿಡಿಯುತ್ತದೆ. ವಿಲ್ಲಿಸ್ ವಂಶದ ಹಳೆಯ ಜೀಪುಗಳಲ್ಲಾದರೋ ಅದು ಗಾಲಿಗಳ ಗೊಡವೆಗೇ ಹೋಗದೆ, ಮುಂದಿನ ಹಾಗೂ ಹಿಂದಿನ ಅಚ್ಚುಗಳಿಗೆ ಶಕ್ತಿಯನ್ನು ಹಂಚುವ ಟ್ರಾನ್ಸ್‌ಫರ್ ಪೆಟ್ಟಿಗೆಯ ಹಿಂಬದಿಯಲ್ಲಿ, ಪ್ರೊಪೆಲ್ಲರ್ ಶಾಫ್ಟು ಹೊರಡುವ ಸ್ಥಳದಲ್ಲಿಯೇ, ಒಂದು ಚಿಕ್ಕ ಡ್ರಮ್ಮಿನೊಳಗೆ ಕುಳಿತಿರುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕಾಗಿ ರೂಪುಗೊಂಡು, ಮಹೀಂದ್ರ ಸಂಸ್ಥೆಯವರು ಮುಂಬಯಿಯಲ್ಲಿ ಜೋಡಿಸತೊಡಗಿದ ತರುವಾಯ ಮಲೆನಾಡಿನ ಕಾಫಿ ಮತ್ತು ಅಡಕೆ ತೋಟಗಳಿಗೆ ಅನಿವಾರ್ಯವಾಗಿಬಿಟ್ಟ ಈ ವಾಹನವನ್ನು ದಶಕಗಳ ಕಾಲ ನಡೆಸಿದವರಲ್ಲಿಯೂ ಈ ಡ್ರಮ್ಮನ್ನು ಕಣ್ಣಾರೆ ಕಂಡವರು ಪ್ರಾಯಶಃ ವಿರಳ. ಕಾಣದಿರುವುದಕ್ಕೆ ಕಾರಣವೂ ಸಹಜವೇ: ಜೀಪಿನ ಕೆಳಗೆ ಬೆನ್ನು ನೆಲಕ್ಕೆ ಹಾಕಿ ಮಲಗದ ಹೊರತು ಅದು ದರ್ಶನವನ್ನೀಯುವುದಿಲ್ಲ.

ಈ ಸ್ಥಾನನಿರ್ಣಯದಲ್ಲಿ ಒಂದು ಚಾತುರ್ಯವಿದೆ. ಹಿಂದಿನ ಅಚ್ಚಿನ ಹೌಸಿಂಗಿನೊಳಗೆ ಪಿನಿಯನ್ನಿಗೆ 8, ಕ್ರೌನಿಗೆ 43 ಹಲ್ಲುಗಳಿರುವ ಹಳೆಯ ಜೀಪಿನಲ್ಲಿ ಶಾಫ್ಟು ಸುಮಾರು 5.38 ಸುತ್ತು ತಿರುಗಿದಾಗ ಗಾಲಿ ಒಂದು ಸುತ್ತು ತಿರುಗುವುದರಿಂದ, ಶಾಫ್ಟಿನ ಮೇಲೆ ಬಿದ್ದ ಹಿಡಿತವು ಗಾಲಿಯನ್ನು ಮುಟ್ಟುವಷ್ಟರಲ್ಲಿ ಅಷ್ಟೇ ಪಾಲು ವರ್ಧಿಸಿರುತ್ತದೆ; ಇಷ್ಟು ಕಿರಿದಾದ ಡ್ರಮ್ಮು ಅಷ್ಟು ಭಾರದ ವಾಹನವನ್ನು ಘಾಟಿಯ ಏರಿನಲ್ಲಿ ತಡೆದು ನಿಲ್ಲಿಸಬಲ್ಲುದು ಈ ಕಾರಣದಿಂದಲೇ. ಆದರೆ ಇದೇ ರಚನೆಯಲ್ಲಿ ಅಪಾಯವೊಂದೂ ಅಂತರ್ಗತವಾಗಿದೆ. ಶಾಫ್ಟು ನಿಶ್ಚಲವಾಗಿದ್ದರೂ ಡಿಫರೆನ್ಷಿಯಲ್ಲಿನ ಧರ್ಮಾನುಸಾರ ಹಿಂದಿನ ಒಂದು ಗಾಲಿ ಮುಂದಕ್ಕೂ ಇನ್ನೊಂದು ಹಿಂದಕ್ಕೂ ತಿರುಗಲು ಅಡ್ಡಿಯಿಲ್ಲವಾದ್ದರಿಂದ, ಹಿಂದಿನ ಒಂದು ಗಾಲಿಯನ್ನು ಜಾಕಿಯಿಂದ ಎತ್ತಿದ ಕ್ಷಣವೇ ಹ್ಯಾಂಡ್‌ಬ್ರೇಕಿನ ಸಮಸ್ತ ಹಿಡಿತವೂ ನಿರರ್ಥಕವಾಗುತ್ತದೆ: ಎತ್ತಿದ ಗಾಲಿ ಗಾಳಿಯಲ್ಲಿ ತಿರುಗುತ್ತಿರಲು, ನೆಲದ ಮೇಲಿನ ಗಾಲಿ ಜೀಪನ್ನು ಇಳಿಜಾರಿಗೆ ಒಯ್ಯುತ್ತದೆ. ಫೋರ್‌ವೀಲ್ ಹಾಕಿಟ್ಟರೆ ಮುಂದಿನ ಶಾಫ್ಟೂ ಅದೇ ಡ್ರಮ್ಮಿಗೆ ಬಂಧಿತವಾಗಿ ಈ ಅಪಾಯ ಬಹುಮಟ್ಟಿಗೆ ತಗ್ಗುತ್ತದೆ. ಆದರೂ ನಮ್ಮ ಕಡೆಯ ಚಾಲಕರು ಸೀಟಿನ ಕೆಳಗೆ ಸದಾ ಇಟ್ಟುಕೊಂಡಿರುವ, ಗಾಲಿಗೆ ಅಡ್ಡ ಕೊಡುವ, ಪೇಟೆಯ ನೆಂಟರು ಪರಿಹಾಸ್ಯ ಮಾಡುವ ಆ ಕಲ್ಲು, ಯಂತ್ರಶಾಸ್ತ್ರವನ್ನು ಓದದೆಯೇ ಅನುಭವದಿಂದ ಗಳಿಸಿದ ವಿವೇಕವೆಂದು ನಾನು ತಿಳಿದಿದ್ದೇನೆ.

ನನಗೆ ದೊರೆತ ಜೀಪು ಕಳಸದ ಕಡೆಯ ತೋಟವೊಂದರಲ್ಲಿ ಬಹುಕಾಲ ದುಡಿದು ದಣಿದದ್ದು. ಡ್ಯಾಶಿನ ಕೆಳಗಿನ ಹಿಡಿಕೆಯನ್ನು ಎಳೆದರೆ ಅದು ಯಾವ ಪ್ರತಿರೋಧವನ್ನೂ ತೋರದೆ ಕೊನೆಯವರೆಗೂ ಬರುತ್ತಿತ್ತು. ಬಂದ ಮೇಲೂ ವಾಹನ ತನ್ನಿಚ್ಛೆಯಂತೆ ಹಿಂದಕ್ಕೆ ಸರಿಯುತ್ತಿತ್ತು. ಊರಿನ ಮೇಸ್ತ್ರಿ, ಕೆಲಸದಲ್ಲಿ ನಿಪುಣ, ಮಾತಿನಲ್ಲಿ ಉದಾರ, ಒಂದು ಸಲ ಕೆಳಗೆ ಬಗ್ಗಿ ನೋಡಿ, "ಕೇಬಲ್ ಸ್ವಲ್ಪ ಎಳ್ದು ಕೊಡ್ತೇನೆ ಮಾರಾಯ್ರೇ, ಸದ್ಯಕ್ಕೆ ಆಗ್ತದೆ" ಎಂದನು. ಕೇಬಲ್ಲಿನ ತಿರುಪನ್ನು ನೋಡಿದರೆ, ಪೂರ್ವದ ಒಡೆಯರೆಲ್ಲರೂ ಇದೇ ಸಲಹೆಯನ್ನು ಶಿರಸಾವಹಿಸಿದ್ದರೆಂಬುದು ಸ್ಪಷ್ಟವಾಗಿತ್ತು: ಇನ್ನು ಬಿಗಿಯುವುದಕ್ಕೆ ಅಲ್ಲಿ ಮರೆಗಳೇ ಉಳಿದಿರಲಿಲ್ಲ.

ಕೇಬಲ್ಲನ್ನು ಎಳೆದು ಬಿಗಿಯುವುದು ಏಕೆ ಚಿಕಿತ್ಸೆಯಲ್ಲ ಎಂಬುದನ್ನು ತುಸು ವಿವರಿಸಬೇಕು. ಡ್ರಮ್ಮಿನೊಳಗಿನ ಎರಡು ಶೂಗಳು, ಹಿಡಿಕೆಯನ್ನು ಬಿಟ್ಟಾಗ ಸ್ಪ್ರಿಂಗುಗಳ ಸೆಳೆತದಿಂದ ತಮ್ಮ ವಿಶ್ರಾಂತಿಸ್ಥಾನಕ್ಕೆ ಪೂರ್ಣವಾಗಿ ಮರಳಬೇಕು. ಅಲ್ಲಿಂದ ಡ್ರಮ್ಮಿನವರೆಗಿನ ಅಂತರವನ್ನು ನಿರ್ಣಯಿಸತಕ್ಕದ್ದು ಶೂಗಳ ತುದಿಯಲ್ಲಿರುವ ಹಲ್ಲುಚಕ್ರಗಳೇ ಹೊರತು ಕೇಬಲ್ಲಲ್ಲ. ಲೈನರು ಸವೆದು ಅಂತರ ಹೆಚ್ಚಿದಾಗ ಹಲ್ಲುಚಕ್ರಗಳನ್ನು ಮುಟ್ಟದೆ ಕೇಬಲ್ಲನ್ನು ಗಿಡ್ಡಗೊಳಿಸಿದರೆ, ಶೂಗಳನ್ನು ಅಗಲಿಸುವ ಸನ್ನೆಯು ಹಿಡಿಕೆಯನ್ನು ಬಿಟ್ಟಾಗಲೂ ಅರ್ಧ ತಿರುಗಿಯೇ ನಿಂತಿರುತ್ತದೆ. ಆಗ ನಿಜವಾಗಿ ಎಳೆಯುವ ಹೊತ್ತಿಗೆ ಅದರ ಚಲನೆಯಲ್ಲಿ ಉಳಿದಿರುವುದು ಅತ್ಯಲ್ಪ. ಮಳೆಗಾಲದಲ್ಲಿ ಕೆಸರು ಕುಡಿದು ತುಕ್ಕು ಹಿಡಿದ ಕೇಬಲ್ಲಾದರೆ ಇನ್ನೂ ಒಂದು ಕೇಡು ಇದೆ: ಹಿಡಿಕೆ ಸ್ವಸ್ಥಾನಕ್ಕೆ ಮರಳಿದರೂ ಒಳಗಿನ ತಂತಿ ಮರಳದೆ, ದಾರಿಯುದ್ದಕ್ಕೂ ಶೂ ಉಜ್ಜುತ್ತ ಡ್ರಮ್ಮು ಕಾಯುತ್ತದೆ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಆಗುಂಬೆಯಂಥ ಸೀಮೆಗಳಲ್ಲಿ ಕೇಬಲ್ಲಿಗೆ ಇಂಥ ಗತಿಯೊದಗುವುದು ಅಚ್ಚರಿಯಲ್ಲ.

ಬಿಚ್ಚಿ ನೋಡುವುದೆಂದು ನಿಶ್ಚಯಿಸಿದೆವು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಡ್ರಮ್ಮನ್ನು ಹೊರತೆಗೆಯಲು ಮೊದಲು ಪ್ರೊಪೆಲ್ಲರ್ ಶಾಫ್ಟನ್ನು ಕಳಚಬೇಕು. ಕಳಚಿದ ಮರುಕ್ಷಣವೇ ಹಿಂದಿನ ಗಾಲಿಗಳಿಗೆ ಹ್ಯಾಂಡ್‌ಬ್ರೇಕಿನ ಸಂಬಂಧವೂ ಇಲ್ಲ, ಗೇರಿನ ಸಂಬಂಧವೂ ಇಲ್ಲ. ಗೇರಿನಲ್ಲಿಟ್ಟಿದ್ದೇನೆಂಬ ಭರವಸೆಯಿಂದ ಇಳುಕಲಿನಲ್ಲಿ ಈ ಕಾರ್ಯಕ್ಕೆ ತೊಡಗುವವನು ತನ್ನ ಮೇಲೆಯೇ ಜೀಪನ್ನು ಹರಿಸಿಕೊಳ್ಳುವ ಸಂಭವವುಂಟು. ಸಮತಟ್ಟಾದ ಅಡಕೆಯ ಅಂಗಳದಲ್ಲಿ, ಗಾಲಿಗಳಿಗೆ ಹಿಂದೆಯೂ ಮುಂದೆಯೂ ಕಲ್ಲು ಕೊಟ್ಟ ಮೇಲೆಯೇ ಮೇಸ್ತ್ರಿ ಕೆಳಗೆ ನುಸುಳಿದನು. ಶಾಫ್ಟು ಇಳಿಯಿತು, ನಡುವಿನ ದೊಡ್ಡ ನಟ್ಟು ಸಡಿಲಿತು, ಪುಲ್ಲರು ಹಾಕಿ ಎಳೆದಾಗ ಡ್ರಮ್ಮು ಕೈಗೆ ಬಂದಿತು.

ಒಳಗಿದ್ದ ಲೈನರು ರಿವೆಟ್ಟಿನ ತಲೆಯವರೆಗೂ ಸವೆದಿತ್ತಲ್ಲದೆ, ಗೇರ್ ಆಯಿಲಿನಲ್ಲಿ ನೆಂದು ಕರ್ರಗೆ ಹೊಳೆಯುತ್ತಿತ್ತು. ಇಂಥ ಲೈನರಿನ ಮೇಲೆ ಪೆಟ್ರೋಲು ಸುರಿದು ಬೆಂಕಿಯಿಟ್ಟು, ಉಪ್ಪುಕಾಗದದಿಂದ ಉಜ್ಜಿ ಮತ್ತೆ ಜೋಡಿಸುವ ಸಂಪ್ರದಾಯವೊಂದು ಚಾಲ್ತಿಯಲ್ಲಿದೆ. ಮೇಲ್ಮೈ ಒಣಗಿದಂತೆ ತೋರುವುದೇನೋ ನಿಜ. ಆದರೆ ಲೈನರಿನ ಒಡಲಿಗೆ ಇಳಿದ ಎಣ್ಣೆಯು ಮುಂದೆ ಕಾವೇರಿದಾಗಲೆಲ್ಲ ಮೇಲಕ್ಕೆ ಬರುವುದರಿಂದ, ಅಂಥ ಶೂವನ್ನು ತ್ಯಜಿಸುವುದೇ ಲೇಸು. ಹೊಸ ಶೂಗಳನ್ನು ತರಿಸಿದ್ದಾಯಿತು. ಹೊಸವನ್ನು ಕೂಡಿಸುವ ಮೊದಲು ಕೇಳಬೇಕಾದ ಪ್ರಶ್ನೆಯಾದರೋ, ಎಣ್ಣೆ ಅಲ್ಲಿಗೆ ಬಂದುದು ಹೇಗೆ ಎಂಬುದು.

ಡ್ರಮ್ಮಿನ ಹಿಂದೆಯೇ ಟ್ರಾನ್ಸ್‌ಫರ್ ಪೆಟ್ಟಿಗೆಯ ಆಯಿಲ್ ಸೀಲಿದೆ. ಸೀಲು ಹಳತಾಗಿ ಗಡುಸಾಗಿದ್ದುದು ಎಲ್ಲರಿಗೂ ಕಾಣುವ ಕಾರಣ; ಡ್ರಮ್ಮು ಹೇಗೂ ಬಿಚ್ಚಿರುವಾಗ ಅದನ್ನು ಬದಲಿಸದಿರುವುದು ಅವಿವೇಕ. ಆದರೆ ಸೀಲಿನ ತುಟಿ ಯಾವ ಲೋಹದ ಕೊರಳಿನ ಮೇಲೆ ಕೂತು ತಿರುಗುತ್ತದೆಯೋ ಆ ಕೊರಳಿನಲ್ಲಿ ಉಗುರಿಗೆ ತಾಕುವಷ್ಟು ಗೆರೆ ಬಿದ್ದಿದ್ದರೆ ಹೊಸ ಸೀಲೂ ಅಲ್ಪಕಾಲದಲ್ಲಿ ಸೋರುವುದು ನಿಶ್ಚಿತ. ಇವೆರಡಕ್ಕಿಂತಲೂ ಗೂಢವಾದ ಮೂರನೆಯ ಕಾರಣ ಪೆಟ್ಟಿಗೆಯ ಬ್ರೀದರಿನಲ್ಲಿ ಅಡಗಿತ್ತು. ಓಡುವಾಗ ಒಳಗಿನ ಎಣ್ಣೆಯೂ ಗಾಳಿಯೂ ಕಾದು ಹಿಗ್ಗುತ್ತವೆ; ಹಿಗ್ಗಿದ ಗಾಳಿ ಹೊರಹೋಗಲೆಂದೇ ಇಟ್ಟಿರುವ ಆ ಸೂಕ್ಷ್ಮರಂಧ್ರವು ವರ್ಷಾನುವರ್ಷದ ಕೆಂಪುಮಣ್ಣಿನಿಂದ ಮುಚ್ಚಿಹೋದರೆ, ಒಳಗೆ ಕಟ್ಟಿದ ಒತ್ತಡವು ಅತ್ಯಂತ ದುರ್ಬಲವಾದ ದ್ವಾರವನ್ನು, ಎಂದರೆ ಸೀಲಿನ ತುಟಿಯನ್ನು, ಹುಡುಕಿಕೊಂಡು ಎಣ್ಣೆಯನ್ನು ಹೊರದೂಡುತ್ತದೆ. ನಮ್ಮ ಜೀಪಿನ ಬ್ರೀದರು ಒಂದು ತಂತಿಯ ತುದಿಗೆ ತೆರೆದುಕೊಂಡಿತು. ಸಡಿಲವಾದ ಹಿಡಿಕೆಗೂ ಈ ಚಿಟಿಕೆ ಮಣ್ಣಿಗೂ ನಡುವೆ ಎಷ್ಟು ದೀರ್ಘವಾದ ಕಾರಣಪರಂಪರೆ! ಅದರ ಕಟ್ಟಕಡೆಯ ಕೊಂಡಿಯಾದ ಕೇಬಲ್ಲಿಗೇ ಎಲ್ಲರ ಕೈಯೂ ಮೊದಲು ಹೋಗುತ್ತಿದ್ದಿತು.

ಧೂಳಿನ ವಿಷಯದಲ್ಲಿ ಒಂದು ಮಾತು. ಹಳೆಯ ಲೈನರುಗಳಲ್ಲಿ ಕಲ್ನಾರನ್ನು ಧಾರಾಳವಾಗಿ ಬಳಸುತ್ತಿದ್ದರು. ಅದರ ನವುರಾದ ಎಳೆಗಳು ಶ್ವಾಸಕೋಶಕ್ಕೆ ಇಳಿದರೆ ವರ್ಷಗಳ ಮೇಲೆ ಅರ್ಬುದವನ್ನು ತರಬಲ್ಲವು. ಗಾಳಿಯ ಕೊಳವೆ ಹಿಡಿದೋ ಬಾಯಿಯಿಂದಲೋ ಡ್ರಮ್ಮನ್ನು ಊದುವ ಅಭ್ಯಾಸ ನಮ್ಮ ಕಾರ್ಖಾನೆಗಳಲ್ಲಿ ಇಂದಿಗೂ ಇದೆ. ಅದನ್ನು ಬಿಟ್ಟು, ಒದ್ದೆಬಟ್ಟೆಯಿಂದ ಒರಸಿ, ಆ ಬಟ್ಟೆಯನ್ನು ಕಟ್ಟಿ ಎಸೆಯಬೇಕು. ಸೀಮೆಎಣ್ಣೆಯಿಂದ ತೊಳೆಯುವುದೂ ಸಲ್ಲದು. ಅದು ತಾನೇ ಜಿಡ್ಡನ್ನು ಉಳಿಸಿಹೋಗುತ್ತದೆ.

ಜೋಡಣೆಯಲ್ಲಿ ಅನುಕ್ರಮವೇ ಸರ್ವಸ್ವ. ಸ್ಪ್ರಿಂಗುಗಳನ್ನು ಶೂಗಳೊಡನೆಯೇ ಬದಲಿಸಿ, ಹಲ್ಲುಚಕ್ರದ ಮರೆಗಳಿಗೆ ತೆಳುವಾಗಿ ಗ್ರೀಸು ಹಚ್ಚಿ, ಡ್ರಮ್ಮು ಕೂತು ಶಾಫ್ಟು ಮರಳಿದ ಬಳಿಕ, ಮೊದಲು ಕೇಬಲ್ಲನ್ನು ಸಂಪೂರ್ಣ ಸಡಿಲಿಸಬೇಕು. ಡ್ರಮ್ಮಿನ ಮೈಯಲ್ಲಿರುವ ರಂಧ್ರಗಳನ್ನು ಹಲ್ಲುಚಕ್ರಗಳ ನೇರಕ್ಕೆ ತಂದು, ಸ್ಕ್ರೂಡ್ರೈವರನ್ನು ರಂಧ್ರದ ಅಂಚಿಗೆ ಆನಿಸಿ ಒಂದೊಂದೇ ಹಲ್ಲು ಮೀಟುತ್ತ ಹೋದರೆ ಶೂಗಳು ಡ್ರಮ್ಮಿಗೆ ಒತ್ತಿಕೊಳ್ಳುತ್ತವೆ. ಅಲ್ಲಿಂದ ಏಳು ಹಲ್ಲು ಹಿಂದಕ್ಕೆ ಬಿಡಬೇಕೆಂದು ಹಳೆಯ ಜೀಪಿನ ಕೈಪಿಡಿ ವಿಧಿಸುತ್ತದೆ. ಮೇಸ್ತ್ರಿ ಎಣಿಸುವ ಪೈಕಿಯವನಲ್ಲ, ಡ್ರಮ್ಮಿಗೆ ಕಿವಿಗೊಟ್ಟು ಉಜ್ಜುವ ಸದ್ದು ಅಡಗುವವರೆಗೆ ಬಿಡುವವನು. ಎಣಿಸಿ ನೋಡಿದಾಗ ಅವನ ಕಿವಿಗೂ ಕೈಪಿಡಿಗೂ ಹೆಚ್ಚಿನ ಭೇದ ಕಾಣಲಿಲ್ಲ. ಇದಾದ ಮೇಲೆ, ಕಟ್ಟಕಡೆಗೆ, ಕೇಬಲ್ಲಿನ ಜೋಲು ಹೋಗುವಷ್ಟು ಮಾತ್ರ ತಿರುಪು. ಅದಕ್ಕಿಂತ ಒಂದು ಸುತ್ತು ಹೆಚ್ಚಾದರೂ ಹಿಂದಿನ ಕಥೆಯೇ ಮರುಕಳಿಸುತ್ತದೆ.

ಪರೀಕ್ಷೆಯನ್ನು ಏರಿಗೆ ಮುಖಮಾಡಿಯೂ ಇಳಿಜಾರಿಗೆ ಮುಖಮಾಡಿಯೂ ಮಾಡತಕ್ಕದ್ದು, ಏಕೆಂದರೆ ಶಾಫ್ಟು ತಿರುಗಲೆಳಸುವ ದಿಕ್ಕು ಬದಲಾದರೆ ಶೂಗಳ ಹಿಡಿತವೂ ಬದಲಾಗಬಲ್ಲುದು. ಹಿಡಿಕೆ ಎಳೆದ ಮೇಲೂ ಜೀಪು ತುಸು ಸರಿದು, ಒಮ್ಮೆ ಕಟಕ್ಕೆಂದು ಸದ್ದು ಮಾಡಿ ನಿಲ್ಲುವುದನ್ನು ಕಂಡು ಬ್ರೇಕು ಕೆಟ್ಟಿತೆಂದು ಭ್ರಮಿಸಬೇಕಾಗಿಲ್ಲ. ಡ್ರಮ್ಮಿಗೂ ಗಾಲಿಗೂ ನಡುವಿನ ಜಾಯಿಂಟು, ಕ್ರೌನು, ಪಿನಿಯನ್ನುಗಳ ಸಡಿಲವೆಲ್ಲ ಒಟ್ಟುಗೂಡಿ ಆ ಚಲನೆಯಾಗಿರುತ್ತದೆ. ಓಡುವ ಜೀಪಿನಲ್ಲಿ ಇದನ್ನು ಎಳೆದರೆ ಅದೇ ಅವಯವಗಳ ಮೇಲೆ ಭಯಂಕರವಾದ ಪೆಟ್ಟು ಬೀಳುವುದರಿಂದ, ನಿಂತ ವಾಹನವನ್ನು ಹಿಡಿದಿಡುವುದಕ್ಕೆ ಮಾತ್ರ ಇದರ ಉಪಯೋಗ. ಆದರೂ ಕಾಲ್ಬ್ರೇಕಿನ ಎಣ್ಣೆಗೆ ಒಂದೇ ಮಾರ್ಗವಿರುವ ಈ ಹಳೆಯ ಜೀಪುಗಳಲ್ಲಿ ಒಂದು ಗಾಲಿಯಲ್ಲಿ ಸೋರಿಕೆಯಾದರೆ ನಾಲ್ಕೂ ಗಾಲಿಗಳ ಹಿಡಿತ ಹೋಗುವುದರಿಂದ, ಆಪತ್ಕಾಲಕ್ಕೆ ಗೇರಿನ ಜೊತೆಗೆ ಉಳಿಯುವುದು ಇದೊಂದೇ.

ಹೊಸ ಲೈನರು ಡ್ರಮ್ಮಿನ ಬಾಗಿಗೆ ಹೊಂದಿಕೊಳ್ಳಲು ಕೆಲವು ವಾರ ಹಿಡಿಯುತ್ತದೆ. ಆ ಬಳಿಕ ಶಾಫ್ಟನ್ನು ಬಿಚ್ಚದೆ, ರಂಧ್ರಗಳ ಮೂಲಕವೇ ಮತ್ತೊಮ್ಮೆ ಹಲ್ಲು ಹೊಂದಿಸಿದರೆ ಸಾಕು. ಮೇಸ್ತ್ರಿ ಅದಕ್ಕೆ ಕೂಲಿ ತೆಗೆದುಕೊಳ್ಳಲಿಲ್ಲ. ಈಗ ಅವನು ಹ್ಯಾಂಡ್‌ಬ್ರೇಕು ಹಿಡಿಯದೆಂದು ಬರುವ ಪ್ರತಿ ಜೀಪಿನ ಕೆಳಗೂ ಮೊದಲು ತಂತಿಯ ತುಂಡೊಂದನ್ನು ಹಿಡಿದುಕೊಂಡು ಹೋಗುತ್ತಾನೆ.