ಹಳೆಯ ಸೀರೆಯ ನೆನಪು ಮತ್ತು ಕೃತಕ ಬುದ್ಧಿಮತ್ತೆ

ಮೊಳಕಾಲ್ಮೂರು ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಈ ಮಾನ್ಯತೆಯು ಹೆಸರನ್ನು ರಕ್ಷಿಸುತ್ತದೆಯೇ ಹೊರತು ಮನೆಮನೆಯ ಪೆಟ್ಟಿಗೆಗಳಲ್ಲಿರುವ ಹಳೆಯ ಸೀರೆಗಳನ್ನಲ್ಲ. ಮದುವೆಯ ಸೀರೆ ಜೀರ್ಣವಾದಾಗ ಅದು ಹಳೆ ಜರಿ ಕೊಳ್ಳುವವರ ಕೈಸೇರುವುದುಂಟು. ಅಲ್ಲಿ ದೊರೆಯುವುದು ಬೆಳ್ಳಿಯ ಬೆಲೆ ಮಾತ್ರ; ಸೆರಗಿನ ವಿನ್ಯಾಸಕ್ಕಾಗಲಿ ಉಟ್ಟವರ ನೆನಪಿಗಾಗಲಿ ತಕ್ಕಡಿಯಲ್ಲಿ ತೂಕವಿಲ್ಲ. ಹುಣಸೆಬೀಜದ ಗಂಜಿ ಹಾಕಿ ನೇಯ್ದ ಚಳ್ಳಕೆರೆ ಸೀಮೆಯ ಕರಿಕಂಬಳಿಯ ವಿಷಯವೂ ಹೀಗೆಯೇ. ಅದರ ಕಥೆ ಹಿರಿಯರ ಬಾಯಲ್ಲಷ್ಟೇ ಉಳಿದಿರುತ್ತದೆ.

ಹಿರಿಯರು ಹಳೆಯದನ್ನು ಮೆಲುಕು ಹಾಕುವುದು ಮುಪ್ಪಿನ ದೋಷವಲ್ಲ, ಸಹಜವಾದ ಪ್ರಕ್ರಿಯೆ ಎಂದು ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲಿ ಪ್ರತಿಪಾದಿಸಿದರು. ಮುಂದೆ ಮರೆವಿನ ಕಾಯಿಲೆಯವರ ಆರೈಕೆಯಲ್ಲಿ ಪರಿಚಿತ ವಸ್ತುವೊಂದನ್ನು ಕೈಗಿತ್ತು ಮಾತನಾಡಿಸುವ ಪದ್ಧತಿ ಬೆಳೆಯಿತು. ಇದೇ ಪದ್ಧತಿಯನ್ನು ಕೃತಕ ಬುದ್ಧಿಮತ್ತೆಯ ನೆರವಿನಿಂದ ನಮ್ಮ ವರ್ತಕರೂ ನೇಕಾರರೂ ಅನುಸರಿಸಬಹುದು. ಅದರ ಕ್ರಮ ಹೀಗಿದೆ:

1. ಸೀರೆಯ ಒಡಲು, ಅಂಚು, ಸೆರಗು ಹಾಗೂ ಹಿಂಬದಿಯ ಚಿತ್ರಗಳನ್ನು ಅಳತೆಪಟ್ಟಿಯನ್ನಿಟ್ಟು ತೆಗೆಯಬೇಕು. ಅಂಚು ಒಡಲಿಗೆ ಕೂಡುವ ಜಾಗವನ್ನು ಹತ್ತಿರದಿಂದ ತೆಗೆದರೆ ನುರಿತ ನೇಕಾರರು ನೇಯ್ಗೆಯ ಬಗೆಯನ್ನು ಗುರುತಿಸಬಲ್ಲರು.

2. ಸೀರೆಯನ್ನು ಒಡತಿಯ ಮಡಿಲಲ್ಲಿಟ್ಟು ಮಾತನಾಡಿಸಿ, ಮೊಬೈಲಿನಲ್ಲಿ ಧ್ವನಿಮುದ್ರಿಸಬೇಕು. ಎಲ್ಲಿ ಕೊಂಡದ್ದು, ಯಾರು ತಂದದ್ದು, ಯಾವ ಶುಭಕಾರ್ಯಕ್ಕೆ ಎಂಬಂಥ ಪ್ರಶ್ನೆಗಳನ್ನು ಯಂತ್ರದಿಂದ ಸಿದ್ಧಪಡಿಸಿಕೊಳ್ಳಬಹುದು. ಕೇಳುವವರು ಮನುಷ್ಯರೇ ಆಗಿರಲಿ.

3. ಧ್ವನಿಯನ್ನು ಅಕ್ಷರಕ್ಕಿಳಿಸುವ ತಂತ್ರಾಂಶಗಳು ಈಗ ಕನ್ನಡದಲ್ಲಿಯೂ ಇವೆ. ಭಾರತ ಸರ್ಕಾರವು 2022ರಲ್ಲಿ ಆರಂಭಿಸಿದ 'ಭಾಷಿಣಿ' ಇಂಥ ಕಾರ್ಯಕ್ಕೆಂದೇ ರೂಪುಗೊಂಡಿದೆ. ಆದರೆ ಗ್ರಾಮ್ಯ ನುಡಿ ಮತ್ತು ಮಗ್ಗದ ಪದಗಳಲ್ಲಿ ಯಂತ್ರ ತಪ್ಪುವುದು ಸಾಮಾನ್ಯವಾದ್ದರಿಂದ, ಬರಹವನ್ನು ಹೇಳಿದವರಿಗೇ ಓದಿ ತೋರಿಸಿ ತಿದ್ದಬೇಕು.

ಮುಖ್ಯವಾದ ಎಚ್ಚರವೊಂದಿದೆ. "ಇದು ಅಜ್ಜಿಯ ಮದುವೆ ಸೀರೆ" ಎಂದಷ್ಟೇ ತಿಳಿಸಿದರೆ ಯಂತ್ರವು ಇಸವಿ, ನೇಕಾರರ ಹೆಸರು, ಮೆರವಣಿಗೆಯ ವರ್ಣನೆಗಳನ್ನು ತಾನೇ ಕಲ್ಪಿಸಿ ಸೇರಿಸೀತು. ಓದಲು ಅದು ಸೊಗಸಾಗಿರುತ್ತದೆ, ಆದರೆ ಸುಳ್ಳು. ಅದನ್ನೇ ಮಾರಾಟದ ಚೀಟಿಯಲ್ಲಿ ಮುದ್ರಿಸಿದರೆ ಗ್ರಾಹಕರಿಗೆ ಮೋಸವಾಗುತ್ತದೆ, ಊರಿನ ಹೆಸರಿಗೂ ಕುಂದು. ಆದ್ದರಿಂದ ಹೇಳಿದ್ದು ಮತ್ತು ಕಂಡದ್ದು ಮಾತ್ರ ದಾಖಲಾಗಲಿ. ತಿಳಿಯದ ಕಡೆ ಖಾಲಿ ಬಿಡುವುದೇ ಲೇಸು. ರೇಷ್ಮೆ, ಜರಿಗಳ ಶುದ್ಧತೆಯೂ ಚಿತ್ರದಿಂದ ನಿರ್ಧಾರವಾಗದು, ಪರೀಕ್ಷೆಯೇ ಆಗಬೇಕು. ಧ್ವನಿ, ಚಿತ್ರ, ಹೆಸರುಗಳನ್ನು ಒಡೆಯರ ಒಪ್ಪಿಗೆಯಿಲ್ಲದೆ ಬಳಸಬಾರದು. ವೈಯಕ್ತಿಕ ದತ್ತಾಂಶದ ರಕ್ಷಣೆಗೆ 2023ರ ಕಾಯ್ದೆ ಇರುವುದನ್ನು ಮರೆಯುವಂತಿಲ್ಲ.

ಲಾಭವೇನೆಂದು ಕೇಳಬಹುದು. ಅಜ್ಜಿಯ ಸೀರೆಯ ಅಂಚನ್ನೇ ಮೊಮ್ಮಗಳ ಮದುವೆಗೆ ಮತ್ತೆ ನೇಯಿಸುವ ಬೇಡಿಕೆಯನ್ನು ಪಡೆಯಲು ಇಂಥ ದಾಖಲೆ ಆಧಾರವಾಗುತ್ತದೆ. ವಿದ್ಯುತ್ ಮಗ್ಗದ ಅಗ್ಗದ ನಕಲು ವಿನ್ಯಾಸವನ್ನು ಅನುಕರಿಸಬಲ್ಲದು. ಒಂದು ಮನೆತನದ ನೆನಪನ್ನು ಕೊಡಲಾರದು. ಹಳೆಯ ಸೀರೆ ಜರಿಯ ತಕ್ಕಡಿಗೆ ಏರುವ ಮುನ್ನ ಅರ್ಧ ಗಂಟೆ ಈ ಕೆಲಸಕ್ಕೆ ಮೀಸಲಿಡುವುದು ನಷ್ಟದ ಬಾಬ್ತಲ್ಲ.