ತಕರಾರು ಇರಲಿ, ಜಗಳ ಬೇಡ

ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿ ಅಣ್ಣ-ತಮ್ಮ ಸೇರಿ ಚಾದರದ ಅಂಗಡಿ ನಡೆಸುತ್ತಿದ್ದಾರೆ ಎಂದುಕೊಳ್ಳಿ. ಉದ್ರಿ ಬಾಕಿ ಬೆಳೆದಿದೆ. ಆರು ತಿಂಗಳಿಂದ ಇಬ್ಬರೂ ಅದರ ಮಾತೆತ್ತಿಲ್ಲ. ಒಂದು ದಿನ ಗಿರಾಕಿಯ ಮುಂದೆಯೇ ಸಿಡಿದರು; ಕನ್ನಡದಲ್ಲಿ ಶುರುವಾದದ್ದು ಮರಾಠಿಯಲ್ಲಿ ಮುಗಿಯಿತು. ಕೆಟ್ಟದ್ದು ತಕರಾರಿನಿಂದಲ್ಲ, ಅದನ್ನು ಆರು ತಿಂಗಳು ನುಂಗಿಕೊಂಡದ್ದರಿಂದ.

ಇದೇ ಊರು ಸೊನ್ನಲಿಗೆಯಾಗಿದ್ದ 12ನೇ ಶತಮಾನದಲ್ಲಿ ಸಿದ್ಧರಾಮ ಕೆರೆ ತೋಡಿಸುತ್ತಿದ್ದ. ಅಲ್ಲಮಪ್ರಭು ಅಲ್ಲಿಗೇ ಬಂದು ಹಂಗಿಸಿ ಕರೆದ. ಕೆಲಸದಾಳುಗಳು ಕಲ್ಲು ತೂರಿದರು, ಸಿದ್ಧರಾಮ ಕೆಂಡವಾದ ಎನ್ನುತ್ತದೆ ಶೂನ್ಯಸಂಪಾದನೆ. ಆಮೇಲೆ ವಾದ ನಡೆಯಿತು, ಕೊನೆಗೆ ಇಬ್ಬರೂ ಕೂಡಿ ಕಲ್ಯಾಣದ ಹಾದಿ ಹಿಡಿದರು. ಹಂಗಿಸುವ ಆರಂಭ ಅಲ್ಲಮನಿಗಷ್ಟೇ ದಕ್ಕುವಂಥದ್ದು, ಮನೆಯಲ್ಲಿ ಯಾರೂ ಪ್ರಯೋಗಿಸಬಾರದು! ಕಲಿಯಬೇಕಾದದ್ದು ಬೇರೆ: ಅವನು ಬೆನ್ನ ಹಿಂದೆ ಆಡಲಿಲ್ಲ, ಕಲ್ಲು ಬಿದ್ದರೂ ಎದ್ದು ಹೋಗಲಿಲ್ಲ.

ಹಾಗಾಗಿ ಮೊದಲ ಹೆಜ್ಜೆ, ತಕರಾರು ಯಾರ ಮೇಲಿದೆಯೋ ಅವರ ಬಳಿಗೇ, ನಾಲ್ಕು ಜನರಿಲ್ಲದ ಹೊತ್ತಿನಲ್ಲಿ ಹೋಗುವುದು. ಮಗ್ಗದ ಮಾಲೀಕ ಕೆಲಸಗಾರನ ತಪ್ಪನ್ನು ಕಾರ್ಖಾನೆಯ ಎಲ್ಲರೆದುರು ಎತ್ತಿದರೆ ಅವನು ನೇಯ್ಗೆಯ ತಪ್ಪು ಬಿಟ್ಟು ತನ್ನ ಮಾನ ಕಾಯತೊಡಗುತ್ತಾನೆ.

ಮಾತಿನ ಬಾಗಿಲು ಮೆಲ್ಲಗೆ ತೆರೆಯಬೇಕು. ಅಮೆರಿಕದ ಸಂಶೋಧಕರಾದ ಕ್ಯಾರೇರ್ ಮತ್ತು ಗಾಟ್‌ಮನ್ 124 ನವದಂಪತಿಗಳ ವಾದಗಳನ್ನು ಪರಿಶೀಲಿಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ಮೂರು ನಿಮಿಷದ ಧಾಟಿಯೇ ಮುಂದಿನ ವಿಚ್ಛೇದನದ ಸುಳಿವು ಕೊಟ್ಟಿತ್ತು. “ನೀ ಯಾವಾಗಲೂ ಹಿಂಗ” ಎನ್ನುವುದಕ್ಕಿಂತ “ಈ ತಿಂಗಳ ಲೆಕ್ಕ ಕೂಡಲಿಲ್ಲ, ಕೂತು ನೋಡೂಣ ಬಾ” ಎನ್ನುವುದು ಲೇಸು. ಎದೆ ಬಡಿತ ಏರಿತೇ? ಇಪ್ಪತ್ತು ನಿಮಿಷ ಬಿಡುವು ತೆಗೆದುಕೊಳ್ಳಿ ಎನ್ನುತ್ತಾರೆ ಗಾಟ್‌ಮನ್. ಆದರೆ ಮತ್ತೆ ಎಷ್ಟೊತ್ತಿಗೆ ಕೂಡುವುದೆಂದು ಹೇಳಿಯೇ ಏಳಬೇಕು. ಇಲ್ಲದಿದ್ದರೆ ಅದು ಬಿಡುವಲ್ಲ, ಮುನಿಸು.

ಮುಂದಿನದು ಎಲ್ಲಕ್ಕಿಂತ ಕಷ್ಟ: ಕೂಗಿನ ಕೆಳಗಿರುವ ಬೇಡಿಕೆಯನ್ನು ಕೇಳಿಸಿಕೊಳ್ಳುವುದು. 2022ರ ಕೊನೆಯಲ್ಲಿ ಮಹಾರಾಷ್ಟ್ರದ ಅಕ್ಕಲಕೋಟೆ ತಾಲ್ಲೂಕಿನ ಕೆಲವು ಗಡಿಹಳ್ಳಿಗಳು ರಸ್ತೆ, ನೀರು ಕೊಡಲಾಗದಿದ್ದರೆ ಕರ್ನಾಟಕಕ್ಕೆ ಹೋಗುತ್ತೇವೆಂದವು. ಗದ್ದಲವೆಲ್ಲ ‘ಕರ್ನಾಟಕ’ ಎಂಬ ಪದದ ಸುತ್ತ ಎದ್ದಿತು, ರಸ್ತೆಯ ಮಾತು ಹಿಂದೆ ಬಿತ್ತು. ಮನೆಯಲ್ಲೂ ಹೀಗೇ. “ತವರಿಗೆ ಹೋಗ್ತೀನಿ” ಎಂದವಳಿಗೆ ಬಸ್ಸಿನ ವೇಳೆ ಹೇಳುವ ಗಂಡ, ಅವಳು ಹೇಳಬೇಕೆಂದಿದ್ದನ್ನು ಕೇಳಿಸಿಕೊಂಡೇ ಇಲ್ಲ. ಎದುರಿನವರು ಹೇಳಿದ್ದನ್ನು ಒಮ್ಮೆ ತಿರುಗಿ ಹೇಳಿ, “ಇದೇ ಏನು?” ಎಂದು ಕೇಳಿದರೆ ಅರ್ಧ ಗಂಟು ಬಿಚ್ಚುತ್ತದೆ.

ಎಲ್ಲ ತಕರಾರೂ ಒಂದೇ ಕೂಟದಲ್ಲಿ ತೀರುವುದಿಲ್ಲ. 2022ರ ಡಿಸೆಂಬರ್ 14ರಂದು ದಿಲ್ಲಿಯಲ್ಲಿ ಕೇಂದ್ರ ಗೃಹಸಚಿವ ಅಮಿತ್ ಶಾ ಅವರ ಎದುರು ಆಗಿನ ಮುಖ್ಯಮಂತ್ರಿಗಳಾದ ಕರ್ನಾಟಕದ ಬಸವರಾಜ ಬೊಮ್ಮಾಯಿ, ಮಹಾರಾಷ್ಟ್ರದ ಏಕನಾಥ ಶಿಂಧೆ ಕುಳಿತಾಗ ಗಡಿ ಯಾರದೆಂಬುದು ಇತ್ಯರ್ಥವಾಗಲಿಲ್ಲ. ಸುಪ್ರೀಂ ಕೋರ್ಟ್ ತೀರ್ಪಿನವರೆಗೆ ಯಾರೂ ಹೊಸ ಹಕ್ಕು ಸಾಧಿಸಬಾರದು, ಎರಡೂ ಕಡೆಯ ಮೂವರು ಮೂವರು ಸಚಿವರು ಕೂತು ಮಾತಾಡಬೇಕು ಎಂದಷ್ಟೇ ಆಯಿತು. ಗಡಿಯ ಜನಕ್ಕೆ ಇದು ಸಣ್ಣದೆನಿಸಿರಬಹುದು. ಆದರೂ ಮುಂದಾಳಾದವರಿಗೆ ಇದರಲ್ಲಿ ಒಂದು ಉಪಾಯವಿದೆ: ತೀರದ್ದನ್ನು ಬದಿಗಿಟ್ಟು, ಅಲ್ಲಿಯವರೆಗೆ ಹೇಗೆ ನಡೆದುಕೊಳ್ಳಬೇಕೆಂಬುದನ್ನು ಮೊದಲು ಒಪ್ಪಿಕೊಳ್ಳುವುದು.

ಅಂಗಡಿಯ ಅಣ್ಣ-ತಮ್ಮಂದಿರೂ ಪಾಲಿನ ಮಾತನ್ನು ದೀಪಾವಳಿ ಲೆಕ್ಕದವರೆಗೆ ಮುಂದೂಡಬಹುದು. ಅಷ್ಟರವರೆಗೆ ಉದ್ರಿ ಯಾರಿಗೆ, ಎಷ್ಟರ ತನಕ, ವಸೂಲಿಗೆ ಹೋಗುವವರು ಯಾರು? ಇಷ್ಟನ್ನು ಖಾತೆ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಲಿ, ಗಿರಾಕಿ ಬರುವ ಮುಂಚೆ.