ದಾನ ಕೊಡುವ ಮುನ್ನ ದಾಖಲೆ ನೋಡುವುದು ಹೇಗೆ?



ನಮ್ಮ ಸಂಘದ ವೈದ್ಯಕೀಯ ನೆರವು ನಿಧಿಗೆ ಬರುವ ಅರ್ಜಿಗಳ ಕಾಗದಪತ್ರ ಪರಿಶೀಲಿಸುವ ಕೆಲಸ ನನ್ನದು. ಅರ್ಜಿಯ ಜೊತೆ ಆಸ್ಪತ್ರೆಯ ಎಸ್ಟಿಮೇಟ್, ಔಷಧಿ ಅಂಗಡಿಯ ಬಿಲ್ಲು, ಕೆಲವೊಮ್ಮೆ ಬೇರೊಂದು ಟ್ರಸ್ಟಿನ ಪತ್ರ ಇರುತ್ತವೆ. ಸದಸ್ಯರಿಗೂ ವಾಟ್ಸಾಪ್‌ನಲ್ಲಿ ನೇರವಾಗಿ ಮನವಿಗಳು ಬರುತ್ತವೆ. "ಇದಕ್ಕೆ ಹಣ ಕಳಿಸಬಹುದೇ?" ಎಂದು ನನ್ನನ್ನು ಕೇಳುವವರು ಅನೇಕರು. ಕೆಲವರು ಸಂಶಯ ಬಂದು ಸುಮ್ಮನಾಗುತ್ತಾರೆ. ಕೆಲವರು ಮರುಕದಿಂದ ಕೂಡಲೇ ಹಣ ಹಾಕಿಬಿಡುತ್ತಾರೆ. ಎರಡರಲ್ಲೂ ನಷ್ಟ ನಿಜವಾದ ರೋಗಿಗೇ. ಹಾಸಿಗೆ ಹಿಡಿದವರನ್ನು ವಾರಗಟ್ಟಲೆ ಕಾಯಿಸದೆ, ಅರ್ಧ ಗಂಟೆಯಲ್ಲಿ ಮಾಡಬಹುದಾದ ಪರಿಶೀಲನೆಯ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಮೊದಲನೆಯ ಮಾತು: ಮನವಿ ಪತ್ರದಲ್ಲಿರುವ ಲಿಂಕ್ ಒತ್ತಬೇಡಿ. ಅದರಲ್ಲಿರುವ ನೋಂದಣಿ ಸಂಖ್ಯೆಯನ್ನು ಮಾತ್ರ ಬರೆದುಕೊಂಡು, ಆ ಸಂಖ್ಯೆ ಕೊಟ್ಟ ಸರ್ಕಾರಿ ಇಲಾಖೆಯ ಜಾಲತಾಣಕ್ಕೆ ನೀವೇ ಹೋಗಿ.

ಸಂಖ್ಯೆಯನ್ನು ಓದುವುದು

ಪ್ಯಾನ್ ಸಂಖ್ಯೆಯಲ್ಲಿ ಹತ್ತು ಅಕ್ಷರಾಂಕಗಳಿವೆ. ನಾಲ್ಕನೆಯ ಅಕ್ಷರ 'ಪಿ' ಆಗಿದ್ದರೆ ಅದು ಒಬ್ಬ ವ್ಯಕ್ತಿಯದು, 'ಸಿ' ಆದರೆ ಕಂಪನಿಯದು, 'ಟಿ' ಆದರೆ ಟ್ರಸ್ಟಿನದು. ಟ್ರಸ್ಟಿನ ಹೆಸರಿನ ಲೆಟರ್‌ಹೆಡ್‌ನಲ್ಲಿ 'ಪಿ' ಇರುವ ಪ್ಯಾನ್ ಕಂಡರೆ, ಇದು ಯಾರ ಸ್ವಂತ ಸಂಖ್ಯೆ ಎಂದು ಕೇಳಲೇಬೇಕು.

ಕಂಪನಿಯಾಗಿ ನೋಂದಾಯಿತವಾದ ಸಂಸ್ಥೆಗೆ 21 ಅಕ್ಷರಾಂಕಗಳ 'ಸಿಐಎನ್' ಇರುತ್ತದೆ. ಅದರೊಳಗೆ ರಾಜ್ಯದ ಎರಡು ಅಕ್ಷರ, ಸ್ಥಾಪನೆಯಾದ ವರ್ಷದ ನಾಲ್ಕು ಅಂಕಿ, ಆಮೇಲೆ ಕಂಪನಿಯ ಬಗೆ ತಿಳಿಸುವ ಮೂರು ಅಕ್ಷರ ಬರುತ್ತವೆ. 'ಪಿಟಿಸಿ' ಎಂದರೆ ಖಾಸಗಿ ಕಂಪನಿ. 'ಎನ್‌ಪಿಎಲ್' ಎಂದರೆ ಲಾಭದ ಉದ್ದೇಶವಿಲ್ಲದ ಕಂಪನಿ. ಹೆಸರಿನಲ್ಲಿ 'ಫೌಂಡೇಶನ್' ಎಂದಿದ್ದು ಸಂಖ್ಯೆಯಲ್ಲಿ 'ಪಿಟಿಸಿ' ಇದ್ದರೆ, ಹೆಸರನ್ನಲ್ಲ, ಸಂಖ್ಯೆಯನ್ನು ನಂಬಿ. ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಆ ಕಂಪನಿ ಚಾಲ್ತಿಯಲ್ಲಿದೆಯೇ, ಪಟ್ಟಿಯಿಂದ ತೆಗೆದುಹಾಕಲಾಗಿದೆಯೇ ಎಂಬುದೂ ತಿಳಿಯುತ್ತದೆ.

ವ್ಹೀಲ್‌ಚೇರ್, ಇಂಪ್ಲಾಂಟ್, ಆಮ್ಲಜನಕ ಯಂತ್ರ ಮಾರುವವರ ಬಿಲ್ಲಿನಲ್ಲಿ 15 ಅಕ್ಷರಾಂಕಗಳ ಜಿಎಸ್‌ಟಿ ಸಂಖ್ಯೆ ನೋಡಿ. ಮೊದಲ ಎರಡು ಅಂಕಿ ರಾಜ್ಯದ್ದು: ಮಹಾರಾಷ್ಟ್ರಕ್ಕೆ 27, ಕರ್ನಾಟಕಕ್ಕೆ 29. ನಂತರದ ಹತ್ತು ಆ ವ್ಯಾಪಾರಿಯ ಪ್ಯಾನ್. ಜಿಎಸ್‌ಟಿ ಜಾಲತಾಣದಲ್ಲಿ ಅದನ್ನು ಹಾಕಿದರೆ ಹೆಸರು, ನೋಂದಣಿ ದಿನಾಂಕ, ಚಾಲ್ತಿ ಅಥವಾ ರದ್ದು ಎಂಬ ಸ್ಥಿತಿ ಬರುತ್ತದೆ. ಆದರೆ ಎಚ್ಚರ: ಚಿಕಿತ್ಸಾ ಸೇವೆಗೆ ಬಹುಮಟ್ಟಿಗೆ ಜಿಎಸ್‌ಟಿ ವಿನಾಯಿತಿ ಇದೆ, ಸಣ್ಣ ಅಂಗಡಿಗಳಿಗೆ ನೋಂದಣಿ ಕಡ್ಡಾಯವೂ ಅಲ್ಲ. ಆದ್ದರಿಂದ ನರ್ಸಿಂಗ್ ಹೋಮ್ ಬಿಲ್ಲಿನಲ್ಲಿ ಈ ಸಂಖ್ಯೆ ಇಲ್ಲವೆಂದು ರೋಗಿಯನ್ನು ಅನುಮಾನಿಸಬಾರದು. ಔಷಧಿ ಅಂಗಡಿಯ ಬಿಲ್ಲಿನಲ್ಲಾದರೆ ಡ್ರಗ್ ಲೈಸೆನ್ಸ್ ಸಂಖ್ಯೆ ಇರಲೇಬೇಕು.

ಇಲ್ಲಿಯ ಟ್ರಸ್ಟು, ಊರಿನ ಟ್ರಸ್ಟು

ಮಹಾರಾಷ್ಟ್ರದಲ್ಲಿ 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯಂತೆ ಧರ್ಮಾದಾಯ ಸಂಸ್ಥೆಗಳು ಚ್ಯಾರಿಟಿ ಕಮಿಷನರ್ ಕಚೇರಿಯಲ್ಲಿ ನೋಂದಾಯಿಸಿಕೊಳ್ಳಬೇಕು. ನಮ್ಮಂತಹ ಸಂಘಗಳ ಸಂಖ್ಯೆ ಸಾಮಾನ್ಯವಾಗಿ 'ಎಫ್' ಅಕ್ಷರದಿಂದ ಆರಂಭವಾಗುತ್ತದೆ. ಆ ಕಚೇರಿಯ ಜಾಲತಾಣದಲ್ಲಿ ಹೆಸರು ಅಥವಾ ಸಂಖ್ಯೆಯಿಂದ ಹುಡುಕಬಹುದು. ಟ್ರಸ್ಟಿಗಳು ಬದಲಾದರೆ 90 ದಿನಗಳೊಳಗೆ ಅಲ್ಲಿಗೆ ವರದಿ ಕೊಡಬೇಕು, ವರ್ಷವರ್ಷವೂ ಲೆಕ್ಕಪರಿಶೋಧನೆಯಾದ ಪತ್ರಗಳನ್ನು ಸಲ್ಲಿಸಬೇಕು. ದೊಡ್ಡ ಮೊತ್ತ ಕೊಡುವವರು ಈ ಎರಡರ ಪ್ರತಿ ಕೇಳಿದರೆ ಅದು ಅವಮಾನವಲ್ಲ.

ನಮಗೆ ಊರಿನಿಂದಲೂ ಮನವಿಗಳು ಬರುತ್ತವೆ. ಕರ್ನಾಟಕದಲ್ಲಿ ಮಹಾರಾಷ್ಟ್ರದಂತೆ ಎಲ್ಲ ಟ್ರಸ್ಟುಗಳಿಗೂ ಒಂದೇ ಚ್ಯಾರಿಟಿ ಕಮಿಷನರ್ ಕಚೇರಿ ಇಲ್ಲ. ಅಲ್ಲಿ ಟ್ರಸ್ಟಿನ ಪತ್ರ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿಯಾಗುತ್ತದೆ. ಸಂಘಗಳು 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಬರುತ್ತವೆ. ಆದ್ದರಿಂದ ಮುಂಬೈಯ ಪಟ್ಟಿಯಲ್ಲಿ ಊರಿನ ಟ್ರಸ್ಟಿನ ಹೆಸರು ಸಿಗಲಿಲ್ಲವೆಂದರೆ ಅದು ನಕಲಿಯಲ್ಲ. ನೋಂದಾಯಿತ ಪತ್ರದ ದೃಢೀಕೃತ ಪ್ರತಿ ಕೇಳಿ. ಆಸ್ಪತ್ರೆಯಾದರೆ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ನೋಂದಣಿ ಸಂಖ್ಯೆ ಕೇಳಿ.

80ಜಿ ತೆರಿಗೆ ರಿಯಾಯಿತಿ ಉಂಟೆಂದು ಪತ್ರದಲ್ಲಿದ್ದರೆ ಆದಾಯ ತೆರಿಗೆ ಇಲಾಖೆಯ ಜಾಲತಾಣದ ಪಟ್ಟಿಯಲ್ಲಿ ಖಚಿತಪಡಿಸಿಕೊಳ್ಳಿ. 2021ರ ಏಪ್ರಿಲ್‌ನಿಂದ ಜಾರಿಗೆ ಬಂದ ವ್ಯವಸ್ಥೆಯಲ್ಲಿ ಹಳೆಯ ಸಂಸ್ಥೆಗಳೂ ಮರುನೋಂದಣಿ ಮಾಡಿಸಬೇಕಾಯಿತು. ಅದಕ್ಕೆ ಮೊದಲಿನ ಆದೇಶದ ಪ್ರತಿಯೊಂದೇ ಸಾಲದು. 2,000 ರೂಪಾಯಿ ಮೀರಿದ ನಗದು ದಾನಕ್ಕಂತೂ ಈ ರಿಯಾಯಿತಿ ಸಿಗುವುದಿಲ್ಲ.

ನೋಂದಣಿ ನಡತೆ ಪತ್ರವಲ್ಲ

ಇಷ್ಟೆಲ್ಲ ಸರಿಯಿದ್ದರೂ ಅದರಿಂದ ತಿಳಿಯುವುದು ಇಂತಹ ಸಂಸ್ಥೆ ಇದೆ ಎಂಬುದಷ್ಟೇ. ನೀತಿ ಆಯೋಗದ ಎನ್‌ಜಿಒ ದರ್ಪಣ್ ಸಂಖ್ಯೆಯೂ ಸರ್ಕಾರದ ಶಿಫಾರಸಲ್ಲ. ನಿಜವಾದ ಸಂಸ್ಥೆಯ ಹೆಸರು, ಸಂಖ್ಯೆಗಳನ್ನು ಹಾಗೆಯೇ ನಕಲು ಮಾಡಿ, ಖಾತೆಯ ಸಂಖ್ಯೆಯನ್ನಷ್ಟೇ ಬದಲಿಸುವುದು ಮೋಸಗಾರರಿಗೆ ಸುಲಭ. ಅದಕ್ಕೇ ಕೊನೆಯ ಹೆಜ್ಜೆ ಮುಖ್ಯ: ದಾಖಲೆಯಲ್ಲಿರುವ ಹೆಸರು, ಪತ್ರದಲ್ಲಿರುವ ಹೆಸರು, ಬ್ಯಾಂಕ್ ಖಾತೆಯ ಹೆಸರು ಈ ಮೂರೂ ಒಂದೇ ಇರಬೇಕು. ಯುಪಿಐನಲ್ಲಿ ಹಣ ಕಳಿಸುವ ಮೊದಲು ಪಡೆಯುವವರ ಹೆಸರು ಪರದೆಯ ಮೇಲೆ ಬರುತ್ತದೆ. ಪಿನ್ ಒತ್ತುವ ಮುನ್ನ ಅದನ್ನು ಓದಿ. ಆಸ್ಪತ್ರೆಗೆ ಫೋನ್ ಮಾಡುವಾಗ ಮನವಿಯಲ್ಲಿ ಕೊಟ್ಟ ನಂಬರಿಗಲ್ಲ, ನೀವೇ ಹುಡುಕಿದ ನಂಬರಿಗೆ ಮಾಡಿ. ರೋಗಿಯ ವಿವರವನ್ನು ಅವರು ಕೊಡಲಾರರು. ಆದರೆ ಈ ಖಾತೆ ನಿಮ್ಮದೇ ಎಂಬ ಪ್ರಶ್ನೆಗೆ ಬಿಲ್ಲಿಂಗ್ ವಿಭಾಗ ಉತ್ತರಿಸಬಹುದು.

ಹುಡುಕಾಟ ರೋಗಿಗೂ ಉಪಕಾರಿ

ದಾಖಲೆ ನೋಡುವುದು ಕಳ್ಳರನ್ನು ಹಿಡಿಯಲು ಮಾತ್ರವಲ್ಲ. ಎಸ್ಟಿಮೇಟ್ ಕೊಟ್ಟ ಆಸ್ಪತ್ರೆ ಮಹಾರಾಷ್ಟ್ರದ ನೋಂದಾಯಿತ ಧರ್ಮಾರ್ಥ ಟ್ರಸ್ಟಿಗೆ ಸೇರಿದ್ದೇ ಎಂದು ನಾನು ಪ್ರತಿ ಅರ್ಜಿಯಲ್ಲೂ ನೋಡುತ್ತೇನೆ. ಟ್ರಸ್ಟ್ ಕಾಯ್ದೆಯ 41ಎಎ ಕಲಮು ಹಾಗೂ 2006ರಲ್ಲಿ ಬಾಂಬೆ ಹೈಕೋರ್ಟ್ ರೂಪಿಸಿದ ಯೋಜನೆಯಂತೆ, ಅದಕ್ಕೆ ಒಳಪಡುವ ಆಸ್ಪತ್ರೆಗಳು ಶೇ. 10 ಹಾಸಿಗೆಗಳನ್ನು ತೀರಾ ಬಡವರಿಗೆ ಉಚಿತವಾಗಿ, ಇನ್ನು ಶೇ. 10 ಹಾಸಿಗೆಗಳನ್ನು ದುರ್ಬಲ ವರ್ಗದವರಿಗೆ ರಿಯಾಯಿತಿ ದರದಲ್ಲಿ ಮೀಸಲಿಡಬೇಕು. ಒಟ್ಟು ಬಿಲ್ಲಿನ ಶೇ. 2ರಷ್ಟನ್ನು ಬಡರೋಗಿಗಳ ನಿಧಿಗೆ ತೆಗೆದಿಡಬೇಕು. ತಹಶೀಲ್ದಾರರ ಆದಾಯ ಪತ್ರ ಅಥವಾ ರೇಷನ್ ಕಾರ್ಡ್ ಇಟ್ಟುಕೊಂಡು ಆಸ್ಪತ್ರೆಯ ಸಮಾಜಸೇವಾ ವಿಭಾಗದಲ್ಲಿ ವಿಚಾರಿಸಬೇಕು. ಇಂತಹ ಆಸ್ಪತ್ರೆಗಳ ಪಟ್ಟಿ ಚ್ಯಾರಿಟಿ ಕಮಿಷನರ್ ಜಾಲತಾಣದಲ್ಲಿದೆ. ಹೀಗೆ ಒಬ್ಬರ ಬಿಲ್ಲು ಇಳಿದರೆ, ಉಳಿದ ಹಣದಿಂದ ನಿಮ್ಮ ದಾನ ಇನ್ನೊಬ್ಬರ ಡಯಾಲಿಸಿಸ್‌ಗೆ ಒದಗುತ್ತದೆ.

ಕೊನೆಯದಾಗಿ ಒಂದು ವಿನಂತಿ. ಈ ಪಾಠವನ್ನು ಮೊದಲು ನಮ್ಮ ಸಂಘದ ಮೇಲೆಯೇ ಪ್ರಯೋಗಿಸಿ. ನಮ್ಮ ರಶೀದಿಯಲ್ಲಿ ಅಚ್ಚಾದ ನೋಂದಣಿ ಸಂಖ್ಯೆ, ಪ್ಯಾನ್, ಖಾತೆಯ ಹೆಸರು ತಾಳೆ ನೋಡಿ. ಸಂದೇಹವಿದ್ದರೆ ಕಚೇರಿಗೆ ಬಂದು ಲೆಕ್ಕಪತ್ರ ಕೇಳಿ. ಎಲ್ಲವೂ ಸರಿಯೆನಿಸಿದ ಮೇಲೆ ವೈದ್ಯಕೀಯ ನಿಧಿಗೆ ನಿಮ್ಮ ಕೈಲಾದಷ್ಟು ಕಳಿಸಿ. ನಾವು ನೆರವಿನ ಚೆಕ್ಕನ್ನು ಆಸ್ಪತ್ರೆಯ ಹೆಸರಿಗೇ ಬರೆಯುತ್ತೇವೆ.